ಸೋಪು ಹಾಕಿದ ಮರಿ

ಮಳೆಗೆ ಮನೆಯ ಗೋಡೆ ಬಿದ್ದ ಮೇಲೆ ಕುರಿ ಕಾಯುವ ಗೊಲ್ಲಪ್ಪ ಮತ್ತು ಅವನ ಹೆಂಡತಿ ಯಲ್ಲಕ್ಕ ಮಾಡದಕೆರೆಯ ನಮ್ಮ ಮನೆಗೆ ಬಂದರು. ಕುರಿಗಳು ಹಿತ್ತಲಲ್ಲಿ, ಎಳೆಮರಿಗಳು ನಮ್ಮ ಪಡಸಾಲೆಯಲ್ಲಿ. ಬನ್ನಿ ಎಂದು ಕರೆದವನು ನಾನೇ. ಆದರೂ ಆ ವಾಸನೆಗೆ ದಿನಾ ಕೂಗಾಡುತ್ತಿದ್ದೆ.

ನನ್ನ ಕೂಗಾಟ ತಾಳಲಾರದೆ ಸೊಸೆ ರಮ್ಯಾ ಒಂದು ಮರಿಗೆ ಘಮಘಮಿಸುವ ಸೋಪು ಹಾಕಿ ಮೈ ತೊಳೆದಳು. ಸಂಜೆ ಕುರಿಗಳು ಮೇದು ಬಂದಾಗ ಆ ಮರಿ ತಾಯಿಯ ಹತ್ತಿರ ಓಡಿತು. ತಾಯಿ ಮೂಸಿ ನೋಡಿ, ತಲೆಯಿಂದ ಗುದ್ದಿ ಕೆಡವಿತು. ಮರಿ ಎದ್ದು ಮತ್ತೆ ಹೋಯಿತು. ತಾಯಿ ಮತ್ತೆ ಗುದ್ದಿತು.

"ಹಾಲಿಲ್ದೆ ಸಾಯ್ತೈತಲ್ಲೋ ಗೊಲ್ಲಪ್ಪ, ನನ್ನ ಮನ್ಯಾಗೆ!" ಎಂದು ಕಿರುಚಿದೆ.

"ಸುಮ್ಕಿರ್ರಿ ಮೂರ್ತಣ್ಣ, ನೀವು ಕೂಗಿದ್ರೆ ಕುರಿ ಇನ್ನೂ ಬೆದರ್ತೈತೆ."

ಯಲ್ಲಕ್ಕ ನಕ್ಕಳು. "ಮದುಮಗಳಂಗೆ ಘಮ್ ಅಂತೈತೆ. ಅವ್ವಂಗೆ ಗುರ್ತೇ ಸಿಗ್ತಿಲ್ಲ."

ಅವಳು ಆ ತಾಯಿಯ ಹಾಲನ್ನೇ ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರಿದಳು. ಕುರಿ ಬಹಳ ಹೊತ್ತು ಮೂಸಿತು. ಅದು ಗಂಟಲಲ್ಲೇ ಸಣ್ಣಗೆ ಸದ್ದು ಮಾಡಿ, ಮರಿಯ ಬಾಲ ನೆಕ್ಕಿ, ಹಾಲು ಕುಡಿಸಲು ಕಾಲು ಅಗಲಿಸಿ ನಿಂತಿತು. ಹುಟ್ಟಿದಾಗಿನಿಂದ ಕುರಿಗಳಿರುವ ಊರಲ್ಲೇ ಬದುಕಿದರೂ ಇದನ್ನು ಕಂಡಿರದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ತಮ್ಮ ಮನೆಯ ಗೋಡೆ ಎದ್ದ ಮೇಲೆ ಅವರು ಕುರಿ ಹೊಡೆದುಕೊಂಡು ಹೊರಟರು. ರಮ್ಯಾ ಪಡಸಾಲೆ ತೊಳೆಯಲು ಫಿನಾಯಿಲ್ ತಂದಳು.

"ಇವತ್ತು ಬ್ಯಾಡ, ನಾಳೆ ತೊಳಿಯವ್ವ" ಎಂದೆ.

"ಹಂಗಾದ್ರೆ ಇವತ್ತು ಯಾರ ಮ್ಯಾಲೆ ಕೂಗಾಡ್ತೀರಿ ಮಾವ?"

ಒಂದು ಕುರಿ ತನ್ನ ಮರಿಯನ್ನು ಗುರುತಿಸಿದ ಆ ವಾಸನೆಯಲ್ಲಿ ಕತ್ತಲಾಗುವವರೆಗೆ ಕುಳಿತಿದ್ದೆ.