ಐದು ಹೊತ್ತು ಹಲ್ಲುಜ್ಜುವ ಕಾಕಾ

“ದಿನಕ್ಕೆ ಐದು ಹೊತ್ತು ಹಲ್ಲುಜ್ಜೋ ಮನುಷ್ಯನ ಬಾಯಲ್ಲಿ ರಕ್ತ ಯಾಕಾದ್ರೂ ಬರಬೇಕು?”

ಕುಂತಳಾ ಕಾಕಿ ಕೇಳಿದ್ದು ನನ್ನನ್ನಲ್ಲ, ಗಂಡನನ್ನೂ ಅಲ್ಲ, ಕೈಯಲ್ಲಿದ್ದ ತಲೆದಿಂಬನ್ನು. ಅದರ ಮೇಲೆ ಕೆಂಪು ಕಲೆ.

ಅವರ ಗಂಡ ಆರ್ತತ್ರಾಣ ಕಾಕಾ ನಮ್ಮೂರ ಪುರಾಣದ ಗುಡಿಯಲ್ಲಿ ನಲವತ್ತು ವರ್ಷದಿಂದ ಓದುವವರು. ಆ ಪುರಾಣದ ಪದ್ಯಕ್ಕೆ ಸಾಲಿಗೆ ಒಂಬತ್ತೇ ಅಕ್ಷರ. ಹರಿವಾಣಕ್ಕೆ ಸುರಿದ ಕಡಲೆಕಾಳಿನಂತೆ ಒಂದೊಂದೂ ಬೇರೆಯಾಗಿ ಕೇಳಬೇಕು. ಗುಡಿಯ ಎದುರಿಗೇ ನನ್ನ ಕಿರಾಣಿ ಅಂಗಡಿ. ಸಂಜೆ ಓದು ಶುರುವಾದರೆ ಗಿರಾಕಿ ಬಂದರೂ ನಾನು ತಕ್ಕಡಿ ಮುಟ್ಟುವುದಿಲ್ಲ. ಈ ಚೈತ್ರದಿಂದ ಕಾಕಾರ ಕೆಳಗಿನ ನಾಲ್ಕು ಹಲ್ಲು ಅಲ್ಲಾಡುತ್ತಿವೆ. ಭಗವಂತನ ಹೆಸರಿನ ನಡುವೆಯೇ ಗಾಳಿ ಸಿಳ್ಳೆ ಹಾಕುತ್ತದೆ. ಹಲ್ಲು ಹೋದರೆ ಓದೂ ಹೋಯಿತೆಂದು ಅವರಿಗೂ ಗೊತ್ತು, ನನಗೂ ಗೊತ್ತು.

ಅದಕ್ಕೇ ಬರ್ಗಢ ಪೇಟೆಯ ಹಲ್ಲಿನ ಡಾಕ್ಟರು ಲಿಪ್ಸಾ ಹತ್ತಿರ ಕರೆದೊಯ್ದೆ. ಆಕೆ ಸಣ್ಣ ಕಡ್ಡಿ ಇಳಿಸಿ ಒಸಡಿನ ಆಳ ಅಳೆದಳು. ಏಳು ಮಿಲಿಮೀಟರ್; ಮೂರು ಮೀರಬಾರದಂತೆ.

“ಮೊದಲು ಒಸಡಿನ ಕೆಳಗೆ ಬೇರಿನವರೆಗೂ ಕೆರೆದು ತೊಳೀತೀನಿ, ಕಾಕಾ. ಒಸಡು ಬಿಗಿದುಕೊಂಡ್ರೆ ಅಷ್ಟೇ ಸಾಕು. ಇಲ್ಲಾಂದ್ರೆ ಒಸಡು ಬಿಡಿಸಿ, ಒಳಗೆಲ್ಲ ಶುಚಿ ಮಾಡಿ, ಮೂಳೆ ಸವೆದ ಕಡೆ ಮೂಳೆಪುಡಿ ತುಂಬಿ ಹೊಲಿಗೆ ಹಾಕಬೇಕು. ಅಲ್ಲಾಡೋ ಹಲ್ಲನ್ನ ತಂತಿಯಿಂದ ಕಟ್ಟಬಹುದು. ತಂಬಾಕು ಏನಾದ್ರೂ?”

“ಹರಿ ಹರಿ! ಪುರಾಣ ಓದೋ ಬಾಯಿ ಮಗಳೇ ಇದು. ಬೀಡಿ ಇಲ್ಲ, ಪಾನೂ ಇಲ್ಲ.”

“ಹಲ್ಲು ಎಷ್ಟು ಸಲ ಉಜ್ತೀರಿ?”

“ಐದು ಸಲ.”

ಡಾಕ್ಟರು ನನ್ನ ಕಡೆ ತಿರುಗಿ, “ನೋಡಿ ಕಲೀರಿ,” ಎಂದಳು. ನಾನೂ ತಲೆಯಾಡಿಸಿದೆ. ಕಾಕಾ ಸುಳ್ಳು ಹೇಳಿರಲಿಲ್ಲ.

ಎರಡು ಸಲ ಕೆರೆದದ್ದಾಯಿತು. ಆರು ವಾರ ಕಳೆದು, ಕಾಕಿಯನ್ನೂ ಕರೆದುಕೊಂಡು ಹೋದೆವು. ಕಡ್ಡಿ ಮತ್ತೆ ಏಳು ಮಿಲಿಮೀಟರ್ ಇಳಿಯಿತು.

“ಇದ್ದಲ್ಲೇ ಇದೆಯಲ್ಲ! ಕಾಕಾ, ಯಾವ ಪೇಸ್ಟು?”

“ಪೇಸ್ಟು ಯಾಕೆ ಮಗಳೇ? ಗುಡಾಖು.” ಕಾಕಾ ಸೊಂಟದಿಂದ ಡಬ್ಬಿ ತೆಗೆದು ತೋರಿಸಿಯೂ ಬಿಟ್ಟರು. “ಕೆರೆದ ಜಾಗ ಉರೀತಿತ್ತಲ್ಲ, ಏಳೆಂಟು ಸಲ ತಿಕ್ದೆ.”

ಡಾಕ್ಟರು ಹಣೆ ಹಿಡಿದುಕೊಂಡಳು. “ಬೆಲ್ಲದಲ್ಲಿ ಕಲಸಿದ ತಂಬಾಕು ಅದು!”

“ತಂಬಾಕು ಅಂದ್ರೆ ಸೇದೋದು, ಜಗಿಯೋದು. ಇದು ಹಲ್ಲುಜ್ಜೋದು. ನಮ್ಮವ್ವ ಉಜ್ಜಿದ್ಲು, ನಮ್ಮಜ್ಜಿ ಉಜ್ಜಿದ್ಲು.”

“ಅವರ ಹಲ್ಲು?”

“ನಲವತ್ತಕ್ಕೇ ಬಿದ್ದುಹೋದ್ವು. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಸಂಬಂಧ ನಾನು ಹೇಳ್ತೀನಿ, ಮನೆಗೆ ನಡೀರಿ,” ಎಂದರು ಕಾಕಿ.

“ಒಂದು ತಿಂಗಳು ಮುಟ್ಟದೆ ಬಂದ್ರೆ ಆಪರೇಷನ್ ಮಾಡ್ತೀನಿ,” ಎಂದಳು ಡಾಕ್ಟರು. “ಮುಟ್ಟಿದ್ರೆ ಗಾಯ ಮಾಯಲ್ಲ, ತುಂಬಿದ ಪುಡಿ ನಿಲ್ಲಲ್ಲ. ಆಮೇಲೆ ಹಲ್ಲು ಕೀಳೋದೊಂದೇ ದಾರಿ.”

ಬಸ್ಸಿನ ಕಿಟಕಿಯಿಂದ ಕಾಕಿ ಡಬ್ಬಿ ಎಸೆದರು. ಅದು ನನ್ನ ಅಂಗಡಿಯ ಡಬ್ಬಿ. ಹನ್ನೆರಡು ವರ್ಷದಿಂದ, ಪ್ರಸಾದ ಕೊಡುವಷ್ಟೇ ಭಕ್ತಿಯಿಂದ, ನಾನೇ ಅವರ ಅಂಗೈಯಲ್ಲಿಟ್ಟಿದ್ದೆ.

ಗುಡಾಖು ಬಿಟ್ಟ ಮೂರನೆಯ ದಿನ ಕಾಕಾರಿಗೆ ತಲೆನೋವು. ಐದನೆಯ ದಿನ ಹೊಟ್ಟೆ ಕಟ್ಟಿತು. ಏಳನೆಯ ದಿನ ಸಿಟ್ಟಿನಲ್ಲಿ ಹಾಳೆ ತಪ್ಪಿಸಿ ಓದಿದರು. ಒಂಬತ್ತನೆಯ ಸಂಜೆ, ಗುಡಿಯಲ್ಲಿ ದೀಪ ಹಚ್ಚಿ ಜನ ಕೂತಿರುವಾಗ, ನೇರ ಅಂಗಡಿಗೆ ಬಂದು ಅಂಗೈ ಚಾಚಿದರು.

“ಬಾಬು, ಬೆರಳ ತುದಿಗೆ ಆಗೋವಷ್ಟು ಕೊಡು.”

“ಆಪರೇಷನ್ನು, ಕಾಕಾ?”

“ಇವತ್ತು ಗಂಟಲೇ ಏಳ್ತಿಲ್ಲ. ಜನ ಕಾಯ್ತಿದ್ದಾರೆ. ಓದು ನಿಂತ್ರೆ ಪಾಪ ನಿನಗೇ.”

ನನ್ನ ಹಿಂದಿನ ಕಪಾಟಿನಲ್ಲಿ ಗುಡಾಖು ಡಬ್ಬಿಗಳ ಸಾಲು ಅವರಿಗೂ ಕಾಣುವಂತೆ ಹೊಳೆಯುತ್ತಿತ್ತು. ಈ ಮನುಷ್ಯನ ಎದುರು ನಾನು ಯಾವತ್ತೂ ದನಿ ಎತ್ತಿದವನಲ್ಲ.

“ಓದು ನಿಂತ್ರೂ ಸರಿ, ಕಾಕಾ. ನಾನು ಕೊಡಲ್ಲ.”