ಒಂದು ಬೆರಳಿನ ಅಂತರ

ಅಣ್ಣ ತೀರಿಕೊಂಡ ಸುದ್ದಿ ಬಂದಾಗ ನನ್ನ ಬಲಗೈ ತಲೆಯ ಮೇಲಿತ್ತು. ಶನಿವಾರದ ಎಣ್ಣೆಸ್ನಾನ. ಎಡಗಿವಿಯ ಹಿಂದೆ ಎಣ್ಣೆ ಹಚ್ಚಲೆಂದು ಕೈಯನ್ನು ನೆತ್ತಿಯ ಮೇಲಿಂದ ಇಳಿಸಿದ್ದೆ. ಮುಪ್ಪಿನ ಭುಜ ಹಿಡಿದುಕೊಂಡು ಬೆರಳು ಕಿವಿಯ ಹತ್ತಿರಕ್ಕೆ ಬಂದು ನಿಂತುಬಿಟ್ಟಿತ್ತು. ಆಗ ಅಕ್ಕ ಬಚ್ಚಲ ಬಾಗಿಲಿಗೆ ಬಂದಳು. ಸದಾ ಏನಾದರೊಂದು ಗೊಣಗುವವಳು ಅಂದು ಬಾಗಿಲ ಚೌಕಟ್ಟನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಪಂಢರಿ ಹೋದನಂತೆ ಕಣೋ," ಎಂದಳು.

ನಮ್ಮ ಕೇರಿಯ ನೂಲಿನ ಅಂಗಡಿಯವರಿಗೆ ಕಡಲಾಚೆಯಿಂದ ಫೋನು ಬಂದಿತ್ತು. ಮಾತಾಡಿದವನು ಅಣ್ಣ ದುಡಿಯುತ್ತಿದ್ದ ಬಟ್ಟೆ ಹೊಲಿಯುವ ಅಂಗಡಿಯಲ್ಲೇ ಇಸ್ತ್ರಿ ಮಾಡುವ ಹಸನಬ್ಬ ಎಂಬವನು. ಮಲಗಿದವನು ಏಳಲಿಲ್ಲವಂತೆ. ಹತ್ತಿರದವರು ಯಾರೂ ಇಲ್ಲವೆಂದು ಅಲ್ಲಿಯ ಸರ್ಕಾರದವರೇ ದಹನ ಮಾಡಿದ್ದರು. ಅಸ್ಥಿ ಕಚೇರಿಯಲ್ಲಿತ್ತು. ಒಡಹುಟ್ಟಿದವರು ಗುರುತಿನ ಕಾಗದಗಳೊಂದಿಗೆ ತಾವೇ ಬಂದು ಪಡೆಯಬೇಕು. ತಿಂಗಳು ಮುಗಿಯುವುದರೊಳಗೆ ಬಾರದಿದ್ದರೆ, ಕೇಳುವವರಿಲ್ಲದ ಇತರರ ಜೊತೆಗೆ ಒಂದೇ ಗುಂಡಿಯಲ್ಲಿ ಹೂಳಿಬಿಡುತ್ತಾರೆ.

"ಅವರ ಅಣ್ಣನಿಗೆ ತಿಳಿಸಿ," ಎಂದನಂತೆ ಆತ. ಪಂಢರಿನಾಥನಿಗೆ ಅಣ್ಣನಿರಲಿಲ್ಲ. ನಾನು ಅವನ ತಮ್ಮ. ಸಾವಿನ ಸುದ್ದಿ ಹೇಳುವವರ ಬಾಯಿ ತಪ್ಪುವುದು ಸಹಜ ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ತಾಯಿಯ ಅಸ್ಥಿಯನ್ನು ನಮ್ಮೂರ ಹೊಳೆಯ ತಿರುವಿನಲ್ಲಿ ಬಿಡುವಾಗ ಅಣ್ಣ ಮೊಣಕಾಲುದ್ದ ನೀರಿನಲ್ಲಿ ನಿಂತು, "ನನ್ನನ್ನೂ ಇಲ್ಲಿಗೇ ತಂದುಬಿಡೋ. ಪರದೇಶದ ಮಣ್ಣಲ್ಲಿ ನನಗೆ ನಿದ್ದೆ ಬರೋದಿಲ್ಲ," ಎಂದಿದ್ದ. ಅವನು ಮದುವೆಯಾಗಿರಲಿಲ್ಲ. ಆ ಮಾತನ್ನು ನಡೆಸಬೇಕಾದವರು ನಾವಿಬ್ಬರೇ. ಅಕ್ಕ ಅಂದೇ ಟ್ರಂಕಿನಿಂದ ಒಂದು ಬಿಳಿಯ ಬಟ್ಟೆ ತೆಗೆದು, ಅಸ್ಥಿಯ ಮಡಕೆಗೆಂದು ಚೀಲ ಹೊಲಿಯತೊಡಗಿದಳು.

ಮುಂದಿನದನ್ನು ಹೇಳುವ ಮೊದಲು ನಾವು ಶಾಲೆಗೆ ಸೇರಿದ ದಿನವನ್ನು ಹೇಳಬೇಕು. ನಮ್ಮ ಕೇರಿಯಲ್ಲಿ ಹುಟ್ಟಿದ ದಿನ ಬರೆದಿಟ್ಟವರು ಯಾರೂ ಇರಲಿಲ್ಲ. ಮಗುವಿಗೆ ಶಾಲೆಯ ವಯಸ್ಸಾಗಿದೆಯೇ ಎಂದು ನೋಡಲು ಮೇಷ್ಟ್ರಿಗೆ ಒಂದೇ ಪರೀಕ್ಷೆ: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿಯನ್ನು ಮುಟ್ಟಬೇಕು. ಅಣ್ಣನಿಗೆ ಮೊದಲಿನ ವರ್ಷಗಳೆಲ್ಲ ಕಾಯಿಲೆಯಲ್ಲೇ ಕಳೆದಿದ್ದರಿಂದ ಅಪ್ಪ ನಮ್ಮಿಬ್ಬರನ್ನೂ ಒಂದೇ ದಿನ ಕರೆದೊಯ್ದ. ನಾನು ಉದ್ದ ಕೈಗಳ ಹುಡುಗ. ಕಿವಿಯನ್ನು ಹಿಡಿದು ಎಳೆದೇ ತೋರಿಸಿದೆ. ಅಣ್ಣ ಗಿಡ್ಡ. ಎಷ್ಟು ಎಳೆದರೂ ಅವನ ಕೈ ಒಂದು ಬೆರಳಿನಷ್ಟು ಹಿಂದೆ ಉಳಿಯಿತು. ಮೇಷ್ಟ್ರು ಕನಿಕರದಿಂದ ಅವನನ್ನೂ ಸೇರಿಸಿಕೊಂಡರು. ಆದರೆ ಮುಟ್ಟಿದವನನ್ನು ದೊಡ್ಡವನೆಂದೂ ಮುಟ್ಟದವನನ್ನು ನಾಲ್ಕು ತಿಂಗಳಿಗೆ ಚಿಕ್ಕವನೆಂದೂ ಬರೆದರು. ಮೇಷ್ಟ್ರು ಬರೆದದ್ದನ್ನು ಅಪ್ಪ ತಲೆಬಾಗಿ ಒಪ್ಪಿಕೊಂಡ. ತಾಯಿಯ ಹೊಟ್ಟೆಯ ಲೆಕ್ಕ ಯಾರ ತಲೆಗೂ ಹೊಳೆಯಲಿಲ್ಲ.

ಅಣ್ಣನಿಗೆ ಅದು ಬಾಳಿನುದ್ದಕ್ಕೂ ತಮಾಷೆಯ ವಿಷಯವಾಯಿತು. ದಸರೆಯಲ್ಲಿ ಬನ್ನಿ ಕೊಟ್ಟು ನಾನು ಅವನ ಕಾಲಿಗೆ ಬಾಗುವ ಮೊದಲೇ ಅವನು ನನ್ನ ಕಾಲು ಮುಟ್ಟಿ, "ಕಾಗದದಲ್ಲಿ ನೀನೇ ದೊಡ್ಡವನಪ್ಪಾ, ಆಶೀರ್ವಾದ ಮಾಡು," ಎನ್ನುತ್ತಿದ್ದ. ನಾನು ಹಿಂದೆ ಹಾರುತ್ತಿದ್ದೆ. ಅಕ್ಕ ಇಬ್ಬರಿಗೂ ಬೈಯುತ್ತಿದ್ದಳು.

ಅಕ್ಕನ ಕತೆ ಇನ್ನೂ ಬೇರೆ. ಅವಳು ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ಈಗ ಅಸ್ಥಿ ತರಲು ನಾವು ಕಡಲಾಚೆಗೆ ಹೊರಟಾಗ ಪಾಸ್‌ಪೋರ್ಟಿಗಾಗಿ ಯಾರೋ ಅವಳ ಮುಖ ನೋಡಿ ಅಂದಾಜಿನಲ್ಲಿ ಒಂದು ವಯಸ್ಸು ಹಾಕಿದರು. ಕೂದಲು ಇನ್ನೂ ಕಪ್ಪಾಗಿದ್ದುದರಿಂದ ಅವಳು ನಮ್ಮಿಬ್ಬರಿಗೂ ಕಿರಿಯವಳಾದಳು.

ಆ ದೇಶದ ಬಾಗಿಲಿನಲ್ಲೇ ತಡೆ ಶುರುವಾಯಿತು. ಅರ್ಧ ಬಾಳನ್ನು ಸೂಜಿ ಹಿಡಿದು ಕಳೆದ ಅಕ್ಕನ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಬೆರಳಚ್ಚು ಪಡೆಯುವ ಗಾಜಿನ ಮೇಲೆ ಎಷ್ಟು ಒತ್ತಿದರೂ ಯಂತ್ರ ಅವಳನ್ನು ಒಪ್ಪಲಿಲ್ಲ. "ದುಡಿದ ಕೈ ಅಂತ ನಿನ್ನ ಯಂತ್ರಕ್ಕೆ ಗೊತ್ತಾಗಲ್ವೇನಮ್ಮಾ?" ಎಂದು ಅಕ್ಕ ಕನ್ನಡದಲ್ಲೇ ಕೇಳಿದಳು. ಯಂತ್ರದ ಹಿಂದೆ ಕುಳಿತಿದ್ದ ಹೆಣ್ಣುಮಗಳು ನಕ್ಕು, ಅವಳ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಒರೆಸಿ ಮತ್ತೆ ಒತ್ತಿಸಿದಳು. ಬಹಳ ಹೊತ್ತಿನ ಮೇಲೆ ನಮ್ಮನ್ನು ಒಳಗೆ ಬಿಟ್ಟರು.

ಸಂಜೆ ಅಣ್ಣನ ಹೆಸರಿನಲ್ಲಿ ಒಂದು ದೀಪ ಹಚ್ಚಬೇಕೆಂದು ಬೆಂಕಿಪೊಟ್ಟಣ ಕೊಳ್ಳಲು ಹೋದೆವು. ವಯಸ್ಸಿನ ಗುರುತು ತೋರಿಸದವರಿಗೆ ಬೆಂಕಿಯ ಸಾಮಾನು ಕೊಡುವುದಿಲ್ಲ ಎಂದು ಅಂಗಡಿಯವನು ಸನ್ನೆಯಲ್ಲಿ ತಿಳಿಸಿದ. ಪಾಸ್‌ಪೋರ್ಟು ಇಳಿದುಕೊಂಡಲ್ಲಿ ಉಳಿದಿತ್ತು. ಅಕ್ಕ ತನ್ನ ಬೊಚ್ಚು ಬಾಯಿಯನ್ನು ಅಗಲವಾಗಿ ತೆರೆದು ಅವನಿಗೆ ತೋರಿಸಿದಳು. "ಇದಕ್ಕಿಂತ ಗುರುತು ಬೇಕೇನೋ ನಿಂಗೆ?" ಅವನು ಪಾಪ, ಕೈ ಮುಗಿದ, ಆದರೆ ಪೊಟ್ಟಣ ಕೊಡಲಿಲ್ಲ. ಅಂದು ದೀಪವಿಲ್ಲದೆ ವಿಠಲನ ನಾಮ ಹೇಳಿ ಮಲಗಿದೆವು. ಕತ್ತಲಲ್ಲಿ ಅಕ್ಕ ಅತ್ತದ್ದು ನನಗೆ ಕೇಳಿಸಿತು.

ಮರುದಿನ ಕಚೇರಿಗೆ ಹೋದೆವು. ಹಸನಬ್ಬ ಬಾಗಿಲಲ್ಲೇ ಕಾದಿದ್ದ. ನಮ್ಮ ಕರಾವಳಿಯ ಕಡೆಯವನು, ನರೆತ ಗಡ್ಡ, ಮೆಲುಮಾತು. ಅಧಿಕಾರಿಯ ಮಾತನ್ನು ನಮಗೆ, ನಮ್ಮ ಮಾತನ್ನು ಅಧಿಕಾರಿಗೆ ದಾಟಿಸಲು ಒಂದು ದಿನದ ಸಂಬಳ ಬಿಟ್ಟು ಬಂದಿದ್ದ. ಅಧಿಕಾರಿಗೂ ನಮ್ಮಷ್ಟೇ ವಯಸ್ಸಿರಬೇಕು. ಅವರ ಬೆನ್ನ ಹಿಂದಿನ ಕಪಾಟಿನಲ್ಲಿ ಬೂದು ಬಣ್ಣದ ಭರಣಿಗಳು ಸಾಲಾಗಿದ್ದವು. ಅವುಗಳಲ್ಲೊಂದು ನನ್ನ ಅಣ್ಣ. ಯಾವುದೆಂದು ಗೊತ್ತಿರಲಿಲ್ಲ, ಎಲ್ಲಕ್ಕೂ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಅಧಿಕಾರಿ ನಮ್ಮ ಪಾಸ್‌ಪೋರ್ಟುಗಳನ್ನು ಅಣ್ಣನ ಪಾಸ್‌ಪೋರ್ಟಿನ ಪಕ್ಕದಲ್ಲಿಟ್ಟು ನೋಡಿದರು. ಮತ್ತೆ ನೋಡಿದರು.

"ಒಬ್ಬಳೇ ತಾಯಿಗೆ ನಾಲ್ಕು ತಿಂಗಳ ಅಂತರದಲ್ಲಿ ಇಬ್ಬರು ಮಕ್ಕಳು ಹುಟ್ಟುವುದು ಹೇಗೆ ಅಂತ ಕೇಳುತ್ತಾರೆ," ಎಂದ ಹಸನಬ್ಬ. "ನೀವು ತಮ್ಮ ಅಂತೀರಿ, ಕಾಗದದಲ್ಲಿ ನೀವೇ ದೊಡ್ಡವರು. ಈ ಅಮ್ಮ ಅಕ್ಕ ಅಂತಾರೆ, ಕಾಗದದಲ್ಲಿ ಎಲ್ಲರಿಗಿಂತ ಸಣ್ಣವರು."

"ಸಣ್ಣವಳಂತೆ! ಇವರಿಬ್ಬರ ಮೂಗು ಒರೆಸಿ ಒರೆಸಿ ನನ್ನ ಸೆರಗು ಸವೆದುಹೋಯ್ತು ಅಂತ ಹೇಳಪ್ಪಾ ಅವರಿಗೆ!"

ಅಧಿಕಾರಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಹಿಂದೊಮ್ಮೆ ಯಾರೋ ಸುಳ್ಳು ಹೇಳಿ ಬೇರೊಬ್ಬರ ಅಸ್ಥಿಯನ್ನು ಒಯ್ದಿದ್ದರಂತೆ. ಆಮೇಲೆ ಸತ್ತವನ ತಾಯಿ ಬಂದು ಆ ಖಾಲಿ ಜಾಗದ ಮುಂದೆ ಕುಳಿತುಬಿಟ್ಟಳಂತೆ. "ಆ ತಾಯಿಗೆ ನಾನು ಉತ್ತರ ಕೊಡಬೇಕಾಯಿತು. ಇನ್ನೊಮ್ಮೆ ಅಂಥದ್ದು ಆಗಬಾರದು," ಎಂದರು. ನಂತರ, ಈ ಊರಿನಲ್ಲಿ ಸತ್ತವನನ್ನು ಬಲ್ಲ ಒಬ್ಬರು, ಇವರು ಅವನ ಒಡಹುಟ್ಟಿದವರೇ ಹೌದು ಎಂದು ಪ್ರಮಾಣ ಮಾಡಿ ಸಹಿ ಹಾಕಿದರೆ ಸಾಕು ಎಂದರು.

ನಾವಿಬ್ಬರೂ ಹಸನಬ್ಬನ ಕಡೆ ತಿರುಗಿದೆವು. ಅವನು ತಲೆ ತಗ್ಗಿಸಿದ.

"ನನ್ನಿಂದ ಆಗ್ಲಿಕ್ಕಿಲ್ಲ," ಎಂದ.

"ಯಾಕಪ್ಪಾ? ನಮ್ಮ ಮುಖ ನೋಡಿದ್ರೆ ಕಳ್ಳರ ಹಂಗೆ ಕಾಣ್ತೀವಾ?"

"ಹಾಗಲ್ಲ ಅಮ್ಮಾ. ಅಲ್ಲಾಹನ ಮೇಲೆ ಪ್ರಮಾಣ ಮಾಡಬೇಕು. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಗೆ ಹೇಳುವುದು? ಪಂಢರಿಯವರು ಊರಲ್ಲಿ ಒಬ್ಬ ಅಣ್ಣ ಇದ್ದಾನೆ ಅಂತಿದ್ದರು. ತಮ್ಮ ಇದ್ದಾನೆ ಅಂತ ಒಂದು ದಿನವೂ ಹೇಳಿದವರಲ್ಲ. ನೀವು ತಮ್ಮ ಅಂತೀರಿ. ನಾನೇನು ಮಾಡ್ಲಿ ಹೇಳಿ."

ಅಕ್ಕ ಕುರ್ಚಿಯಲ್ಲಿ ಕುಸಿದು, ಹೊಲಿದು ತಂದಿದ್ದ ಬಿಳಿ ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. "ಸುಳ್ಳೇ ಹೇಳಿಬಿಡೋ, ಅಣ್ಣ ಅಂತ," ಎಂದಳು ನನಗೆ ಮೆಲ್ಲಗೆ. ಅಷ್ಟರಲ್ಲಿ ಅಧಿಕಾರಿ, ಈ ತಾರೀಖುಗಳನ್ನು ಬರೆಸಿದವರು ಯಾರೆಂದು ಕೇಳಿದರು. ಅದನ್ನು ಯಾವ ಮಾತಿನಲ್ಲಿ ವಿವರಿಸುವುದು? ಎದ್ದು ನಿಂತೆ. ಶಾಲೆಯ ಹುಡುಗನಂತೆ ನೆಟ್ಟಗೆ ನಿಂತು, ಬಲಗೈಯನ್ನು ತಲೆಯ ಮೇಲಿಂದ ಎಡಗಿವಿಯ ಕಡೆಗೆ ಇಳಿಸಿದೆ. ಭುಜ ಹಿಡಿಯಿತು. ಕಿವಿಗೆ ಒಂದು ಬೆರಳಿನಷ್ಟು ದೂರದಲ್ಲಿ ಕೈ ನಿಂತಿತು. ಎಷ್ಟು ಎಳೆದರೂ ಮುಟ್ಟಲಿಲ್ಲ.

"ಅಯ್ಯೋ, ಇದು ಅವನ ಕೈ ಆಯ್ತಲ್ಲೋ! ನಿಂದು ಮುಟ್ತಿತ್ತು!" ಎಂದು ಅಕ್ಕ ನಗಲು ಹೋಗಿ ಬಿಕ್ಕಿದಳು.

ಹಸನಬ್ಬ ಎದ್ದು ನಿಂತಿದ್ದ.

"ಇದು... ಇದನ್ನು ನೀವು ಯಾಕೆ ಮಾಡಿದ್ದು?"

ನಾನು ಮೇಷ್ಟ್ರ ಕತೆ ಹೇಳಿದೆ. ಮುಟ್ಟಿದ ಕೈ, ಮುಟ್ಟದ ಕೈ, ಬನ್ನಿಯ ದಿನ ಅವನು ನನ್ನ ಕಾಲು ಮುಟ್ಟುತ್ತಿದ್ದುದು. ಹಸನಬ್ಬ ಅಧಿಕಾರಿಗೆ ದಾಟಿಸುವುದನ್ನೂ ಮರೆತು ಕೇಳಿಸಿಕೊಂಡ.

"ಯಾರು ವಯಸ್ಸು ಕೇಳಿದರೂ ಅವರು ಹೀಗೇ ಮಾಡುತ್ತಿದ್ದರು ಮಾರಾಯ್ರೆ," ಎಂದ ಕೊನೆಗೆ. "ಅವರಿಗೆ ಕಿವಿ ಮುಟ್ಟುತ್ತಿತ್ತು, ಆದರೂ ಬೇಕೆಂದೇ ಒಂದು ಬೆರಳು ಬಿಟ್ಟು ನಿಲ್ಲಿಸುವುದು. 'ನಾನಿನ್ನೂ ಸಣ್ಣವ, ಮುಟ್ಟಿದವ ಊರಲ್ಲಿದ್ದಾನೆ, ಅವನೇ ನನ್ನ ಅಣ್ಣ,' ಅಂತ ಹೇಳಿ ಒಬ್ಬರೇ ನಗುವುದು. ನಮಗೆ ಯಾರಿಗೂ ತಲೆಬುಡ ತಿಳಿಯುತ್ತಿರಲಿಲ್ಲ. ಇದು ಅವರದೊಂದು ಮರುಳು ಅಂತ ಬಿಟ್ಟಿದ್ದೆವು. ಆ ಅಣ್ಣ ನೀವೇನಾ?"

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟು ವರ್ಷ, ಅಷ್ಟು ದೂರದಲ್ಲಿ, ನನ್ನನ್ನು ಕಂಡವರು ಬೇರಾರೂ ಇಲ್ಲದ ಊರಿನಲ್ಲಿ ನಾನು ಅವನ ನಗೆಯೊಳಗೆ ಬಾಳಿದ್ದೆ.

ಹಸನಬ್ಬ ಎಲ್ಲವನ್ನೂ ಅಧಿಕಾರಿಗೆ ತಿಳಿಸಿ, ಕೈ ತೊಳೆದು ಬಂದು ಪ್ರಮಾಣ ಮಾಡಿ ಸಹಿ ಹಾಕಿದ. ಅಧಿಕಾರಿ ಕಪಾಟಿನಿಂದ ಭರಣಿಯೊಂದನ್ನು ತೆಗೆದು, ನಿಂತುಕೊಂಡೇ ಎರಡೂ ಕೈಗಳಿಂದ ಅಕ್ಕನಿಗೆ ಕೊಟ್ಟರು. ಅವಳು ಅದನ್ನು ಬಿಳಿ ಚೀಲದಲ್ಲಿಟ್ಟು ಬಾಯಿ ಬಿಗಿದು, ಎಳೆಯ ಮಗುವನ್ನು ಎತ್ತಿಕೊಳ್ಳುವಂತೆ ಸೊಂಟಕ್ಕೆ ಒರಗಿಸಿಕೊಂಡಳು. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಅಧಿಕಾರಿ ಯಾರೂ ನೋಡುತ್ತಿಲ್ಲವೆಂದುಕೊಂಡು ತಮ್ಮ ಕೈಯನ್ನು ತಲೆಯ ಮೇಲಿಂದ ಕಿವಿಯ ಕಡೆಗೆ ಇಳಿಸುತ್ತಿದ್ದರು.

"ಅನುಮಾನಪಟ್ಟೆ ಅಮ್ಮಾ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ," ಎಂದ ಹಸನಬ್ಬ ಬೀದಿಯಲ್ಲಿ.

"ಪಟ್ಟಿದ್ದೇ ಒಳ್ಳೇದಾಯ್ತು ಬಿಡಪ್ಪಾ," ಎಂದಳು ಅಕ್ಕ. "ಕೇಳಿದೋರಿಗೆಲ್ಲ ಕೊಡೋ ಹಂಗಿದ್ರೆ ನಮ್ಮ ಪಂಢರಿ ಇಷ್ಟೊತ್ತಿಗೆ ಯಾರ ಮನೆ ಸೇರ್ತಿದ್ನೋ." ಆಮೇಲೆ ಸ್ವಲ್ಪ ತಡೆದು, "ನಿನ್ನ ಹತ್ರ ಬೆಂಕಿಪೊಟ್ಟಣ ಐತೇನು?" ಎಂದು ಕೇಳಿದಳು. ಅವನ ಜೇಬಿನಲ್ಲಿತ್ತು. ಅಂದು ಸಂಜೆ ಅಣ್ಣ ಮಲಗುತ್ತಿದ್ದ ಕೋಣೆಯ ಕಿಟಕಿಯಲ್ಲಿ ನಮ್ಮ ದೀಪ ಉರಿಯಿತು. ಹಸನಬ್ಬ ಕಡ್ಡಿ ಗೀರಿದ. ಅಕ್ಕ ಬತ್ತಿ ಹಿಡಿದಳು.

ನಾವು ಊರಿಗೆ ಮರಳಿದ ಮೇಲೆ ಹೊಳೆಯ ತಿರುವಿನಲ್ಲಿ, ತಾಯಿಯನ್ನು ಬಿಟ್ಟ ಜಾಗದಲ್ಲೇ, ಅಣ್ಣನನ್ನೂ ಬಿಟ್ಟೆವು. ಬೂದಿ ನೀರಿನ ಮೇಲೆ ಒಂದು ಗಳಿಗೆ ನಿಂತು, ಸುತ್ತಿ, ಹೊರಟುಹೋಯಿತು. ಅಕ್ಕ ದಡದಲ್ಲಿ ನಿಂತು ಖಾಲಿ ಚೀಲವನ್ನು ಹಿಂಡುತ್ತಿದ್ದಳು. ನಾನು ಮುಳುಗಿ ಎದ್ದು, ಒದ್ದೆ ಕೈಯನ್ನು ತಲೆಯ ಮೇಲಿಂದ ಇಳಿಸಿದೆ. ಅದು ಕಿವಿಯನ್ನು ಮುಟ್ಟಲಿಲ್ಲ. ಅಲ್ಲೇ, ಒಂದು ಬೆರಳು ಬಿಟ್ಟು, ಹಾಗೆಯೇ ಹಿಡಿದು ನಿಂತೆ. ಈಗ ನಾನೇ ಚಿಕ್ಕವನು ಅಣ್ಣಾ. ನೀನು ಮುಂದೆ ನಡೆ.

ಪಾಂಡುರಂಗಾ, ನಿನ್ನ ಹೆಸರನ್ನೇ ಹೊತ್ತು ಬಾಳಿದವನು ನಿನ್ನ ಬಾಗಿಲಿಗೆ ಬಂದಿದ್ದಾನೆ. ಅವನ ವಯಸ್ಸು ಕೇಳಬೇಡ, ಗುರುತು ಕೇಳಬೇಡ. ಅವನು ಕೈಯೆತ್ತಿ ನಕ್ಕರೆ ಅಷ್ಟನ್ನೇ ಒಪ್ಪಿಕೊಂಡು ಒಳಗೆ ಕರೆದುಕೋ. ನನ್ನ ಅಣ್ಣನಿಗೆ ನಿನ್ನ ಪಾದದ ಹತ್ತಿರ ನೆಮ್ಮದಿಯ ನಿದ್ದೆ ಕೊಡು, ತಂದೆ.