ವೈಶಾಲಿಯ ಖರೆ ತೂಕ

ತೂಗುವ ಕಾಟಾ ಕಂಡರೆ ಸಾಕು, ಹುನ್ನೂರಿನ ಕುರಿಗಾರ ರೇವಪ್ಪನಿಗೆ ಸಂಶಯ ಶುರು. ಮುಧೋಳದ ಸಂತೆಗೆ ಹೋಗುವಾಗ ಕುರಿಗೆ ಉಪ್ಪು ನೆಕ್ಕಿಸಿ, ಹೊಟ್ಟೆತುಂಬ ನೀರು ಕುಡಿಸಿ ತೂಕ ಏರಿಸಿದವನೇ ಅವನು. ಊರೆಲ್ಲ ತನ್ನಂತೆಯೇ ಅಂದುಕೊಂಡಿದ್ದ.

ಈಗ ಮಗಳು ವೈಶಾಲಿಯನ್ನೇ ತೂಗುತ್ತಾರಂತೆ! ಕಾಲೇಜಿನಿಂದ ಅವಳು ಗ್ಲೈಡರ್ ತರಬೇತಿಗೆ ಆಯ್ಕೆಯಾಗಿದ್ದಳು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ಪುಟ್ಟ ವಿಮಾನ.

"ಹಾರೂದಕ್ಕ ಹಗುರ ಇದ್ರ ಛಲೋ ಅಲ್ಲೇನು? ಇಷ್ಟ ತೂಕ ಇರಬೇಕಂತ ಯಾಕ ಅಂತಾರ? ನಮ್ಮಂಥವರ ಹುಡುಗ್ಯಾರನ್ನ ಹೊರಗ ಹಾಕೂ ಆಟ ಇದು!" ಎಂದು ರೇವಪ್ಪ ಗೊಣಗಿದ. ತೂಗುವ ದಿನ ಬೆಳಿಗ್ಗೆ ಮಗಳಿಗೆ ಉಪ್ಪು ಸುರಿದ ಮಜ್ಜಿಗೆ ಕುಡಿಸಿ, ಮೇಲೆ ಚರಿಗೆಗಟ್ಟಲೆ ನೀರು ಕುಡಿಸಿದ.

"ಯಪ್ಪಾ, ಇದು ಮೋಸ ಅಲ್ಲೇನು?"

"ಸುಮ್ನ ಕುಡಿಯವ್ವಾ. ಕಾಟಾ ದಾಟಿದ್ರ ಸಾಕು."

ಬೇಕಾದ ತೂಕ ದಾಟಿತು, ಹೇಗೋ. ಆಮೇಲೆ ವೈಶಾಲಿ ಪಾಯಖಾನೆಗೆ ಓಡಿದ್ದೇ ಓಡಿದ್ದು. ಮಧ್ಯಾಹ್ನ ಅವಳ ಮುಖ ಬಾಡಿತ್ತು. ತರಬೇತಿ ಕೊಡುವ ತೇರದಾಳದ ನೇಹಾ ಹಾರಾಟದ ಮೈದಾನದಲ್ಲಿ ಅವಳನ್ನು ಗ್ಲೈಡರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿಯುತ್ತಿದ್ದಳು.

"ಖರೆ ಹೇಳ್ರಿ ಮೇಡಂ," ರೇವಪ್ಪ ಕಣ್ಣು ಕಿರಿದು ಮಾಡಿ ಕೇಳಿದ, "ಯಾರನ್ನ ಹೊರಗ ಹಾಕಾಕ ಈ ತೂಕ?"

"ಯಾರನ್ನೂ ಅಲ್ರಿ ಕಾಕಾ. ಮುಂದ ಕುಂತವರ ತೂಕ ತೀರ ಕಡಿಮಿ ಆದ್ರ ಗ್ಲೈಡರ್ ಬಾಲ ಭಾರಾಗಿ ಮೂಗು ಮ್ಯಾಲ ಏಳತೈತಿ, ಕೈಗೆ ಸಿಗೂದಿಲ್ಲ. ಹೆಚ್ಚಾದ್ರೂ ಗಂಡಾಂತರನ. ಕಡಿಮಿ ಇದ್ದವರಿಗೆ ಸೀಟಿನ ಹತ್ತರ ಸೀಸದ ಗಟ್ಟಿ ಬಿಗೀತೇವ್ರಿ. ನಿಮ್ಮ ವೈಶಾಲಿಗೆ ಅದು ಬೇಕಾಗಲಿಲ್ಲ."

ರೇವಪ್ಪ ಗ್ಲೈಡರಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನಿಲ್ಲಸ್ರಿ! ಆ ತೂಕ ಸುಳ್ಳೈತ್ರಿ! ಕುರಿಗೆ ಕುಡಿಸಿದಂಗ ನಾನ ನೀರು ಕುಡಿಸೇನ್ರಿ. ಈಗ ಅದೆಲ್ಲಾ ಹೊರಗ ಹೋಗೇತ್ರಿ."

"ಎಂಥಾ ಕೆಲಸ ಮಾಡಿದ್ರಿ ಕಾಕಾ!" ನೇಹಾ ಸಿಟ್ಟಿನಿಂದ ಬೆಲ್ಟು ಬಿಚ್ಚಿದಳು. "ಮ್ಯಾಲ ಹೋದಾಗ ತಲಿ ತಿರುಗಿದ್ರ ಏನ್ ಗತಿ? ಇವತ್ತ ಹಾರೂದು ಬ್ಯಾಡ. ಉಂಡು, ಮಲಗಿ, ನಾಳೆ ಬರ್ಲಿ."

ಮರುದಿನ, ಹಾರುವಾಗ ಬೆನ್ನಿಗೆ ಕಟ್ಟುವ ಪ್ಯಾರಾಚೂಟು ಹೊತ್ತೇ ವೈಶಾಲಿ ಕಾಟಾ ಏರಿದಳು. ತೂಕ ಕಡಿಮೆ ಬಿತ್ತು. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ. ಸೀಸದ ಗಟ್ಟಿ ಬಿಗಿದರು. ಕಾಲು ಪೆಡಲಿಗೆ ಮುಟ್ಟುತ್ತದೆಯೇ, ತಲೆ ಮೇಲಿನ ಗಾಜಿಗೆ ತಾಗುತ್ತದೆಯೇ ಎಂದೂ ನೋಡಿದರು. ರೇವಪ್ಪ ತಾನೇ ಬಗ್ಗಿ ಆ ಗಟ್ಟಿಯನ್ನು ಅಲುಗಾಡಿಸಿ ನೋಡಿದ. ಅದು ಅಲುಗಲಿಲ್ಲ. ಗ್ಲೈಡರ್ ಮೇಲೇರಿದಾಗ ಅವನಿಗೆ ಅಳು ತಡೆಯಲಾಗಲಿಲ್ಲ.

ಅಣ್ಣಗಳಿರಾ, ಅಕ್ಕಗಳಿರಾ, ನಿಮ್ಮ ಮಕ್ಕಳೂ ಗ್ಲೈಡರ್ ಹತ್ತಬಹುದು. ತೂಕಕ್ಕಾಗಿ ಅವರನ್ನು ಉಪವಾಸ ಕೆಡವಬೇಡಿ, ನೀರು ಕುಡಿಸಿ ಉಬ್ಬಿಸಬೇಡಿ. ಹೊತ್ತಿಗೆ ಊಟ, ಕಣ್ತುಂಬ ನಿದ್ದೆ, ದಿನಾ ಒಂದಿಷ್ಟು ಓಟ ಇರಲಿ. ನೆಗಡಿ, ಕಿವಿನೋವು, ನುಂಗಿದ ಗುಳಿಗೆ ಯಾವುದನ್ನೂ ತರಬೇತಿ ಕೊಡುವವರಿಂದ ಮುಚ್ಚಿಡಬೇಡಿ. ಇದ್ದ ತೂಕ ಇದ್ದಂತೆ ಹೇಳಿ. ಕಡಿಮೆ ಬಿದ್ದ ತೂಕವನ್ನು ಸೀಸ ತುಂಬಿಕೊಡುತ್ತದೆ. ಮಗಳನ್ನು ಯಾರು ತುಂಬಿಕೊಡುತ್ತಾರೆ?